ಸೆರೋವೆಯ ವೋಟು: ಒಂದು ಊರು, ಒಂದು ಮನೆತನ, ಮೂರು ಸೀಟು

2024ರ ಅಕ್ಟೋಬರ್ 30ಕ್ಕೆ ದಕ್ಷಿಣ ಆಫ್ರಿಕಾದ ಪಕ್ಕದ ಬೋಟ್ಸ್‌ವಾನಾದಲ್ಲಿ ಚುನಾವಣೆ ನಡೆಯಿತು. ಸ್ವಾತಂತ್ರ್ಯ ಬಂದಾಗಿನಿಂದ, ಅಂದರೆ 58 ವರ್ಷ ಒಂದೇ ಸಮನೆ ಆಳಿದ ಬಿಡಿಪಿ (ಬೋಟ್ಸ್‌ವಾನಾ ಡೆಮಾಕ್ರಟಿಕ್ ಪಾರ್ಟಿ) ಸೋತಿತು. ಎಲ್ಲ ಪತ್ರಿಕೆಗಳೂ ಅದನ್ನೇ ದೊಡ್ಡದಾಗಿ ಬರೆದವು, ಬರೆಯಬೇಕಾದದ್ದೇ. ಆದರೆ ನನ್ನಂತೆ ಫಲಿತಾಂಶದ ಪಟ್ಟಿ ಓದುವ ಚಟ ಇದ್ದವರು ಅದರ ಕೊನೆಯ ಎರಡು ಸಾಲಿನ ಹತ್ತಿರ ನಿಂತುಬಿಡುತ್ತಾರೆ. ಸೋತ ಬಿಡಿಪಿಗೆ ನೂರಕ್ಕೆ 30ರಷ್ಟು ಮತ ಬಂದಿದೆ, ಸೀಟು ಮಾತ್ರ 4. ಬಿಪಿಎಫ್ (ಬೋಟ್ಸ್‌ವಾನಾ ಪೇಟ್ರಿಯಾಟಿಕ್ ಫ್ರಂಟ್) ಅನ್ನೋ ಐದು ವರ್ಷದ ಕೂಸಿಗೆ ನೂರಕ್ಕೆ 8ರ ಹತ್ತಿರ ಮತ, ಸೀಟು 5.

ಸುಮಾರು ಕಾಲು ಭಾಗ ಮತ, ಆದರೆ ಒಂದು ಸೀಟು ಜಾಸ್ತಿ. ಮೋಸ ಆಗಿದೆಯಾ? ಇಲ್ಲ. ಎಣಿಕೆ ತಪ್ಪಿದೆಯಾ? ಅದೂ ಇಲ್ಲ. ಇದು ಅರ್ಥ ಆಗಬೇಕಾದರೆ ಸೆರೋವೆ ಅನ್ನೋ ಊರಿಗೆ ಹೋಗಬೇಕು.

ರಾಜಧಾನಿ ಗ್ಯಾಬರೋನ್‌ನಿಂದ ಉತ್ತರಕ್ಕೆ ಹೊರಟು, ಪಲಾಪ್ಯೆ ಊರಿನ ಹತ್ತಿರ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ಸೆರೋವೆ. ಒಟ್ಟು 300 ಕಿಲೋಮೀಟರಿಗೂ ಸ್ವಲ್ಪ ಮೇಲೆ. ಬೋಟ್ಸ್‌ವಾನಾದವರು ಇದನ್ನು ಹಳ್ಳಿ ಅಂತಲೇ ಕರೆಯುತ್ತಾರೆ. ಅಲ್ಲಿರುವ ಜನ 50 ಸಾವಿರದ ಮೇಲೆ! ನಮ್ಮ ಲೆಕ್ಕದಲ್ಲಿ ಅದು ತಾಲ್ಲೂಕು ಕೇಂದ್ರ. ಆದರೆ ಜನ ಎಷ್ಟಿದ್ದಾರೆ ಅನ್ನೋದರ ಮೇಲೆ ಅಲ್ಲಿ ಹಳ್ಳಿ, ಪಟ್ಟಣ ಅಂತ ಹೆಸರು ಬಿದ್ದಿಲ್ಲ. ಸೆರೋವೆ ಒಬ್ಬ ರಾಜ ತನ್ನ ಜನರನ್ನು ಕರೆತಂದು ನೆಲೆ ನಿಲ್ಲಿಸಿದ ಊರು. ಬಂಗ್ವಾಟೋ ಅನ್ನೋ ಜನಾಂಗದ ರಾಜ ಮೂರನೇ ಖಾಮಾ 1902ರಲ್ಲಿ ಹಳೆಯ ರಾಜಧಾನಿ ಬಿಟ್ಟು ಇಲ್ಲಿಗೆ ಬಂದ. ಕೇರಿ ಕೇರಿಯಾಗಿ ಊರು ಬೆಳೆಯಿತು. ಒಂದೊಂದು ಕೇರಿಗೂ ಒಬ್ಬ ಹಿರಿಯ, ಒಂದು ಸಣ್ಣ ಕಟ್ಟೆ. ಎಲ್ಲಕ್ಕೂ ಮೇಲೆ ತತಗನ್ಯಾನಾ ಗುಡ್ಡದ ಬುಡದಲ್ಲಿ ರಾಜನ ದೊಡ್ಡ ಖೋಟ್ಲಾ.

ಖೋಟ್ಲಾ ಅಂದರೆ ಏನು ಅಂತ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಇಲ್ಲಿನ ರಾಜಕೀಯದ ಅರ್ಧ ಭಾಗ ಅದರೊಳಗೇ ಇದೆ. ಮರದ ಗೂಟಗಳನ್ನು ಒತ್ತೊತ್ತಾಗಿ ಅರ್ಧಚಂದ್ರದ ಆಕಾರದಲ್ಲಿ ನೆಟ್ಟಿರುತ್ತಾರೆ. ಒಳಗೆ ಬಯಲು. ಸಭೆ ಅಂದರೆ ಜನ ಮನೆಯಿಂದಲೇ ಗಿಡ್ಡ ಕಾಲಿನ ಕುರ್ಚಿ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಾರೆ, ಚರ್ಮದ ಪಟ್ಟಿ ಹೆಣೆದ ಕುರ್ಚಿ. ರಾಜನಿಗೆ ಅವರ ಭಾಷೆಯಲ್ಲಿ ಖೋಸಿ ಅನ್ನುತ್ತಾರೆ. ಖೋಸಿ ವಿಷಯ ಇಡುತ್ತಾನೆ, ಯಾರು ಬೇಕಾದರೂ ಎದ್ದು ಮಾತಾಡಬಹುದು, ಕೊನೆಗೆ ಖೋಸಿ ತೀರ್ಮಾನ ಹೇಳುತ್ತಾನೆ. ‘ಖೋಟ್ಲಾದ ಮಾತೆಲ್ಲ ಚಂದ’ ಅಂತ ಅವರಲ್ಲಿ ಒಂದು ಗಾದೆ ಇದೆ. ಅಲ್ಲಿ ಆಡಿದ ಮಾತಿಗೆ ಯಾರನ್ನೂ ಹಿಡಿದು ಹೊಡೆಯುವಂತಿಲ್ಲ ಅಂತ ಅದರ ಭಾವ. ಇನ್ನೊಂದು ಗಾದೆ, ಜನರಿಂದಲೇ ಖೋಸಿ ಖೋಸಿಯಾಗುತ್ತಾನೆ ಅಂತ. ಈ ಎರಡನೇ ಗಾದೆಯನ್ನು ನೆನಪಿಟ್ಟುಕೊಳ್ಳಿ.

ಈ ಖೋಟ್ಲಾದಲ್ಲಿ 1949ರ ಜೂನ್‌ನಲ್ಲಿ ಒಂದು ಸಭೆ ನಡೆಯಿತು. ಅದನ್ನು ಆ ದೇಶದ ಮೊದಲ ಚುನಾವಣೆ ಅಂತ ಕರೆದರೆ ಇತಿಹಾಸದ ಮೇಷ್ಟ್ರುಗಳು ನನ್ನ ಮೇಲೆ ರೇಗಬಹುದು, ಆದರೆ ನನಗೆ ಹಾಗೇ ಅನ್ನಿಸುತ್ತದೆ. ಮೂರನೇ ಖಾಮಾನ ಮೊಮ್ಮಗ ಸೆರೆಟ್ಸೆ ಖಾಮಾ ಲಂಡನ್ನಿನಲ್ಲಿ ಓದುತ್ತಿದ್ದಾಗ 1948ರಲ್ಲಿ ರೂತ್ ವಿಲಿಯಮ್ಸ್ ಅನ್ನೋ ಬಿಳಿಯ ಹುಡುಗಿಯನ್ನು ಮದುವೆಯಾಗಿದ್ದ. ಅವನ ಪರವಾಗಿ ರಾಜ್ಯ ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪ ತ್ಸೆಖೇಡಿ ಇದಕ್ಕೆ ಕಡು ವಿರೋಧಿ. ಮೊದಲ ಎರಡು ಸಭೆಗಳಲ್ಲಿ ಹಿರಿಯರೆಲ್ಲ ಚಿಕ್ಕಪ್ಪನ ಕಡೆ ವಾಲಿದರು. ಮೂರನೇ ಸಭೆಯಲ್ಲಿ ಸೆರೆಟ್ಸೆ ನೇರವಾಗಿ ಜನರನ್ನೇ ಕೇಳಿಬಿಟ್ಟ: ಬೇಡ ಅನ್ನುವವರು ಎದ್ದು ನಿಲ್ಲಿ. ಕೆಲವರು ಎದ್ದರು. ನನ್ನನ್ನೂ ನನ್ನ ಹೆಂಡತಿಯನ್ನೂ ಒಪ್ಪುವವರು? ಸಾವಿರಾರು ಜನ ಎದ್ದು ನಿಂತರು.

ಬ್ರಿಟಿಷರಿಗೆ ಇದು ಬೇಕಾಗಿರಲಿಲ್ಲ. ಪಕ್ಕದ ದಕ್ಷಿಣ ಆಫ್ರಿಕಾದಲ್ಲಿ ಆಗಷ್ಟೇ ವರ್ಣಭೇದದ ಸರ್ಕಾರ ಕೂತಿತ್ತು, ಅದನ್ನು ಎದುರು ಹಾಕಿಕೊಳ್ಳುವ ಮನಸ್ಸು ಲಂಡನ್ನಿಗೆ ಇರಲಿಲ್ಲ. ಮಾತುಕತೆಗೆ ಬಾ ಅಂತ ಸೆರೆಟ್ಸೆಯನ್ನು ಕರೆಸಿಕೊಂಡು ವಾಪಸು ಹೋಗದಂತೆ ತಡೆದರು. ಅವನು ಊರಿಗೆ ಮರಳಿದ್ದು 1956ರಲ್ಲಿ, ಖೋಸಿ ಪಟ್ಟದ ಹಕ್ಕು ಬಿಟ್ಟುಕೊಟ್ಟ ಮೇಲೆ. ಕಾಗದದಲ್ಲಿ ಅವನೀಗ ಸಾಮಾನ್ಯ ಪ್ರಜೆ. ಸೆರೋವೆಯಲ್ಲಿ ಆ ಕಾಗದಕ್ಕೆ ಯಾರೂ ಕವಡೆ ಕಾಸಿನ ಬೆಲೆ ಕೊಡಲಿಲ್ಲ. 1962ರಲ್ಲಿ ಅವನು, ಕ್ವೆಟ್ ಮಾಸೀರೆ ಮತ್ತು ಜೊತೆಯವರು ಸೇರಿ ಬಿಡಿಪಿ ಕಟ್ಟಿದರು. 1965ರ ಮಾರ್ಚ್ 1ಕ್ಕೆ ಮೊದಲ ಚುನಾವಣೆ. ಒಟ್ಟು 31 ಸೀಟಿನಲ್ಲಿ 28 ಬಿಡಿಪಿಗೆ.

ಪಕ್ಷದ ಚಿಹ್ನೆ ಏನು ಗೊತ್ತಾ? ಜಾಕ್! ಪಂಕ್ಚರ್ ಆದಾಗ ಗಾಡಿ ಎತ್ತುತ್ತೀವಲ್ಲ, ಅದೇ. ಪಕ್ಷದ ಹೆಸರಿನಲ್ಲಿ ‘ಡೆಮಾಕ್ರಟಿಕ್’ ಅಂತ ಇತ್ತು, ಅದು ಹಳ್ಳಿಯವರ ಬಾಯಲ್ಲಿ ‘ಡೋಮ್‌ಕ್ರಾಖ್’ ಆಯಿತು ಅನ್ನುತ್ತಾರೆ. ಆಫ್ರಿಕಾನ್ಸ್ ಭಾಷೆಯಲ್ಲಿ ಡೋಮ್‌ಕ್ರಾಖ್ ಅಂದರೆ ಜಾಕ್. ಪಕ್ಷದವರು ತಿದ್ದಲು ಹೋಗಲಿಲ್ಲ, ಜಾಕನ್ನೇ ಗುರುತು ಮಾಡಿಕೊಂಡರು. ‘ತ್ಸೊಲೆತ್ಸಾ!’ ಅಂದರೆ ‘ಎತ್ತು!’ ಅಂತ ಘೋಷಣೆಯೂ ಹುಟ್ಟಿತು. ಓದು ಬಾರದವರೇ ಜಾಸ್ತಿ ಇದ್ದ ಕಾಲ, ಆಗ ಮತಪತ್ರಕ್ಕೆ ಮುದ್ರೆ ಒತ್ತುತ್ತಿರಲಿಲ್ಲ. ಪಕ್ಷಕ್ಕೊಂದು ಬಣ್ಣದ ಬಿಲ್ಲೆ, ನಿಮಗೆ ಬೇಕಾದ ಬಿಲ್ಲೆಯನ್ನು ಲಕೋಟೆಗೆ ಹಾಕಿ ಪೆಟ್ಟಿಗೆಯಲ್ಲಿ ಬಿಟ್ಟರೆ ಆಯಿತು. ಬಿಡಿಪಿಯ ಬಣ್ಣ ಕೆಂಪು. ಸೆರೋವೆಯ ಪೆಟ್ಟಿಗೆ ತೆರೆದರೆ ಕೆಂಪೇ ಕೆಂಪು. ದಶಕಗಟ್ಟಲೆ ಹಾಗೇ ನಡೆಯಿತು.

ಇಲ್ಲಿಗೆ ಎಲ್ಲರೂ ಹೇಳುವ ವಿವರಣೆ ಮುಗಿಯುತ್ತದೆ: ಹಳ್ಳಿ ಜನ ಬಿಡಿಪಿಯ ಕಡೆ, ಪಟ್ಟಣದವರು ವಿರೋಧ ಪಕ್ಷದ ಕಡೆ. ಸುಳ್ಳೇನಲ್ಲ. ಸ್ವಾತಂತ್ರ್ಯ ಬಂದಾಗ ದೇಶ ತೀರಾ ಬಡವಾಗಿತ್ತು. 1967ರಲ್ಲಿ ಒರಾಪಾದಲ್ಲಿ ವಜ್ರ ಸಿಕ್ಕಿತು, 1971ರಲ್ಲಿ ಗಣಿ ಶುರುವಾಯಿತು, ಆ ದುಡ್ಡಿನಲ್ಲಿ ಕೊಳವೆಬಾವಿ, ಶಾಲೆ, ಆಸ್ಪತ್ರೆ, ರಸ್ತೆ ಹಳ್ಳಿಗೆ ಬಂದವು. 1973ರಿಂದ ಒಂದು ದೊಡ್ಡ ಗ್ರಾಮಾಭಿವೃದ್ಧಿ ಕಾರ್ಯಕ್ರಮ ನಡೆಯಿತು, 1974ಕ್ಕೆ ಚುನಾವಣೆ ಇತ್ತು. ಕಾಕತಾಳೀಯ ಅಂತ ಬೇಕಾದರೆ ಅಂದುಕೊಳ್ಳಿ. ಬರ ಬಂದಾಗ ಕೂಲಿ ಕೆಲಸ, 1996ರಿಂದ ವಯಸ್ಸಾದವರಿಗೆಲ್ಲ ಪಿಂಚಣಿ. ಇಷ್ಟೆಲ್ಲ ಕೊಟ್ಟ ಪಕ್ಷಕ್ಕೆ ಹಳ್ಳಿಯವರು ವೋಟು ಹಾಕಿದರೆ ಅದರಲ್ಲಿ ಆಶ್ಚರ್ಯ ಏನಿದೆ.

ಆದರೆ ಈ ವಿವರಣೆಯಲ್ಲಿ ಒಂದು ತೂತಿದೆ. ಅದು 1969ರಲ್ಲೇ ಕಂಡಿತ್ತು, ಸೆರೋವೆಯಲ್ಲಲ್ಲ, ದಕ್ಷಿಣದ ಕಾನ್ಯೆ ಅನ್ನೋ ಊರಲ್ಲಿ.

ಕಾನ್ಯೆ ಬಂಗ್ವಾಕೆಟ್ಸೆ ಜನಾಂಗದ ರಾಜಧಾನಿ. ಅಲ್ಲಿನ ಖೋಸಿ ಎರಡನೇ ಬತೋಯೆನ್, 1928ರಿಂದ ಪಟ್ಟದಲ್ಲಿದ್ದವನು. ಹೊಸ ಸರ್ಕಾರದ ಮೇಲೆ ಅವನಿಗೆ ಸಿಟ್ಟು, ಅದಕ್ಕೆ ಕಾರಣವೂ ಇತ್ತು. ನೆಲದಡಿಯ ಖನಿಜದ ಹಕ್ಕನ್ನು ಜನಾಂಗಗಳ ಕೈಯಿಂದ ತೆಗೆದು ದೇಶಕ್ಕೆ ಸೇರಿಸುವ ಕಾನೂನು 1967ರಲ್ಲಿ ಬಂತು. ಭೂಮಿ ಹಂಚುವ ಅಧಿಕಾರವನ್ನು ಖೋಸಿಗಳಿಂದ ಕಿತ್ತು ಭೂಮಂಡಳಿಗಳಿಗೆ ಕೊಡುವ ಕಾನೂನು 1968ರಲ್ಲಿ. ಖೋಸಿಗಳಿಗೆ ಉಳಿದದ್ದು ಸಲಹೆ ಕೊಡುವ ಒಂದು ಸಭೆ, ಸಣ್ಣಪುಟ್ಟ ವ್ಯಾಜ್ಯ ಬಿಡಿಸುವ ಕೆಲಸ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಖನಿಜದ ಕಾನೂನಿನಿಂದ ಎಲ್ಲರಿಗಿಂತ ಜಾಸ್ತಿ ಕಳೆದುಕೊಂಡವರು ಸೆರೆಟ್ಸೆಯ ಸ್ವಂತ ಜನರೇ. ಒರಾಪಾ ಇದ್ದದ್ದು ಬಂಗ್ವಾಟೋ ನೆಲದಲ್ಲಿ. ತನ್ನ ಜನರ ವಜ್ರವನ್ನು ದೇಶಕ್ಕೆ ಬರೆದುಕೊಟ್ಟ ಮೇಲೂ ಅವರು ಅವನಿಗೇ ವೋಟು ಹಾಕುತ್ತಿದ್ದರು. ಈ ಒಂದು ವಿಷಯಕ್ಕೆ ನನಗೆ ಸೆರೆಟ್ಸೆ ಮೇಲೆ ಗೌರವ ಇದೆ.

ಬತೋಯೆನ್ ಏನು ಮಾಡಿದ ಅಂದರೆ, ಪಟ್ಟವನ್ನೇ ಬಿಟ್ಟ. ಬಿಎನ್‌ಎಫ್ ಸೇರಿದ. ಅದು, ಅಂದರೆ ಬೋಟ್ಸ್‌ವಾನಾ ನ್ಯಾಷನಲ್ ಫ್ರಂಟ್, ಕೆನೆತ್ ಕೋಮಾ ಅನ್ನೋ ಎಡಪಂಥೀಯ ಕಟ್ಟಿದ ಪಕ್ಷ, ಒಬ್ಬ ರಾಜನಿಗೆ ಅಲ್ಲೇನು ಕೆಲಸ ಅಂತ ಆಗಲೂ ಜನ ನಕ್ಕಿದ್ದರು. ಕಾನ್ಯೆಯಲ್ಲಿ ಅವನ ಎದುರಾಳಿ ಯಾರು ಅಂದರೆ ಉಪಾಧ್ಯಕ್ಷ ಮಾಸೀರೆ, ದೇಶದ ಎರಡನೇ ದೊಡ್ಡ ಮನುಷ್ಯ, ಅದೇ ಊರಿನವನು. ಮಾಸೀರೆ ಸೋತ. ಬಿಎನ್‌ಎಫ್ ಆ ಸಲ 3 ಸೀಟು ಗೆದ್ದಿತು, ಎಲ್ಲವೂ ಬತೋಯೆನ್‌ನ ಸೀಮೆಯಲ್ಲಿ. ಕಾನ್ಯೆಯ ರೈತರು ರಾತ್ರೋರಾತ್ರಿ ಎಡಪಂಥೀಯರಾದರಾ? ಖಂಡಿತ ಇಲ್ಲ. ಖೋಸಿ ಎಲ್ಲಿಗೆ ಹೋದನೋ ಅಲ್ಲಿಗೆ ವೋಟು ಹೋಯಿತು, ಅಷ್ಟೇ.

ಸೋತ ಮಾಸೀರೆ ಉಪಾಧ್ಯಕ್ಷನಾಗಿ ಉಳಿದದ್ದು ಹೇಗೆ? ಜನರಿಂದ ಗೆದ್ದವರಲ್ಲದೆ ಸಂಸತ್ತೇ ಆರಿಸಿಕೊಳ್ಳುವ ಕೆಲವು ‘ವಿಶೇಷ ಸದಸ್ಯರು’ ಅಲ್ಲಿದ್ದಾರೆ, ಆಗ 4, ಈಗ 6. ಆ ಹಿಂಬಾಗಿಲಿನಿಂದ ಒಳಗೆ ಬಂದ. ಮುಂದೆ 1980ರಲ್ಲಿ ಸೆರೆಟ್ಸೆ ತೀರಿಕೊಂಡಾಗ ಅಧ್ಯಕ್ಷನೂ ಆದ, 1998ರವರೆಗೆ ಆಳಿದ, ಒಳ್ಳೆಯ ಹೆಸರನ್ನೇ ಪಡೆದ.

ಈಗ ವ್ಯವಸ್ಥೆಯ ವಿಷಯ. ಸ್ವಲ್ಪ ಒಣ, ಆದರೆ ಬೇಗ ಮುಗಿಸುತ್ತೇನೆ. ಬೋಟ್ಸ್‌ವಾನಾದಲ್ಲಿ ಅಧ್ಯಕ್ಷರಿಗೆ ಅಂತ ಬೇರೆ ಮತಪತ್ರ ಇಲ್ಲ. ಸಂಸತ್ತಿಗೆ ನಿಲ್ಲುವ ಪ್ರತಿಯೊಬ್ಬ ಅಭ್ಯರ್ಥಿಯೂ ನಾಮಪತ್ರ ಹಾಕುವಾಗಲೇ ತಾನು ಯಾವ ಅಧ್ಯಕ್ಷ ಅಭ್ಯರ್ಥಿಯ ಕಡೆ ಅಂತ ಹೇಳಿರುತ್ತಾನೆ. ಯಾರ ಕಡೆಯವರು ಅರ್ಧಕ್ಕಿಂತ ಜಾಸ್ತಿ ಕ್ಷೇತ್ರ ಗೆದ್ದರೋ ಆತ ಅಧ್ಯಕ್ಷ. 61ರಲ್ಲಿ 31 ಆದ ಕೂಡಲೇ ಮುಖ್ಯ ನ್ಯಾಯಮೂರ್ತಿ ಘೋಷಿಸುತ್ತಾರೆ. ಕ್ಷೇತ್ರದೊಳಗೆ ನಮ್ಮದೇ ಲೆಕ್ಕ, ಬ್ರಿಟಿಷರು ಇಬ್ಬರಿಗೂ ಬಿಟ್ಟುಹೋದದ್ದು: ಯಾರಿಗೆ ಒಂದು ವೋಟು ಜಾಸ್ತಿ ಬಂತೋ ಅವರು ಗೆದ್ದರು, ಉಳಿದ ವೋಟೆಲ್ಲ ಗಾಳಿಗೆ. ಅಧ್ಯಕ್ಷನಾದವನು ಕ್ಷೇತ್ರ ಗೆದ್ದಿರಬೇಕಾಗಿಲ್ಲ, ತಾನಾಗಿಯೇ ಸಂಸತ್ತಿನ ಸದಸ್ಯ. ಉಪಾಧ್ಯಕ್ಷನಿಗೆ ಮಾತ್ರ ಸೀಟು ಬೇಕೇ ಬೇಕು.

ಈ ಕೊನೆಯ ನಿಯಮದಿಂದಲೇ ಸೆರೋವೆಯ ಕಥೆ ಮತ್ತೆ ಶುರುವಾಗುತ್ತದೆ. ಸೆರೆಟ್ಸೆಯ ಮಗ ಇಯಾನ್ ಖಾಮಾ ಸೈನ್ಯದ ಮುಖ್ಯಸ್ಥ. ಅಪ್ಪ ಬಿಟ್ಟುಕೊಟ್ಟಿದ್ದ ಪಟ್ಟಕ್ಕೆ 1979ರಲ್ಲಿ ಬಂಗ್ವಾಟೋ ಜನ ಅವನನ್ನು ಕೂರಿಸಿದ್ದರು, ದಿನನಿತ್ಯದ ಕೆಲಸ ಬೇರೆಯವರು ನೋಡಿಕೊಳ್ಳುತ್ತಿದ್ದರು. 1998ರಲ್ಲಿ ಹೊಸ ಅಧ್ಯಕ್ಷ ಫೆಸ್ಟಸ್ ಮೊಗಾಯೆಗೆ ಒಬ್ಬ ಉಪಾಧ್ಯಕ್ಷ ಬೇಕಿತ್ತು. ಪಕ್ಷದೊಳಗೆ ಎರಡು ಗುಂಪು ಕಚ್ಚಾಡುತ್ತಿದ್ದವು, 1994ರ ಚುನಾವಣೆಯಲ್ಲಿ ಬಿಎನ್‌ಎಫ್ 40ರಲ್ಲಿ 13 ಸೀಟು ಗೆದ್ದು ಹೆದರಿಸಿತ್ತು. ಯಾವ ಗುಂಪಿಗೂ ಸೇರದ, ಹಳ್ಳಿಗರು ಕೈಮುಗಿಯುವ ಹೆಸರು ಬೇಕು. ಖಾಮಾಗಿಂತ ದೊಡ್ಡ ಹೆಸರು ಆ ದೇಶದಲ್ಲಿ ಯಾವುದಿದೆ? ಖಾಮಾ ಮಾರ್ಚ್ 31ಕ್ಕೆ ಸೈನ್ಯ ಬಿಟ್ಟ. ಸೆರೋವೆ ಉತ್ತರದ ಸಂಸದ ರಾಯ್ ಬ್ಲ್ಯಾಕ್‌ಬಿಯರ್ಡ್ ರಾಜೀನಾಮೆ ಕೊಟ್ಟು ಸೀಟು ಬಿಟ್ಟುಕೊಟ್ಟರು, ಮುಂದೆ ಲಂಡನ್ನಿಗೆ ಹೈಕಮಿಷನರ್ ಆಗಿ ಹೋಗಿ ವರ್ಷಗಟ್ಟಲೆ ಅಲ್ಲೇ ಇದ್ದರು. ಜುಲೈನಲ್ಲಿ ಉಪಚುನಾವಣೆ. ಸ್ಪರ್ಧೆ ಅನ್ನೋದು ಹೆಸರಿಗೆ ಮಾತ್ರ.

ಖಾಮಾ 2008ರ ಏಪ್ರಿಲ್ 1ಕ್ಕೆ ಅಧ್ಯಕ್ಷನಾದ. ಸೆರೋವೆಯ ಸೀಟು ಖಾಲಿಯಾಯಿತು. ಬಂದವನು ತಮ್ಮ, ಅವನ ಹೆಸರೂ ತ್ಸೆಖೇಡಿ. ಚಿಕ್ಕಜ್ಜನ ಹೆಸರು ಇಟ್ಟಿದ್ದರು, ಹಳೆಯ ಜಗಳ ಮನೆಯೊಳಗೆ ಮುಗಿದಿತ್ತು ಅಂತ ಕಾಣುತ್ತದೆ.

ಆಗೆಲ್ಲ ಇಂಥ ಕ್ಷೇತ್ರದಲ್ಲಿ ನಿಜವಾದ ಚುನಾವಣೆ ಯಾವಾಗ ನಡೆಯುತ್ತಿತ್ತು? ಅಕ್ಟೋಬರ್‌ನಲ್ಲಂತೂ ಅಲ್ಲ. ಬಿಡಿಪಿ ಟಿಕೆಟ್ ಸಿಕ್ಕಿದವರು ಗೆದ್ದ ಹಾಗೇ, ಆದ್ದರಿಂದ ಜಗಳವೆಲ್ಲ ಟಿಕೆಟ್ಟಿಗೆ. ಅದಕ್ಕೆ ಪಕ್ಷದವರು ‘ಬುಲೆಲಾ ಡಿಟ್ಸ್ವೆ’ ಅನ್ನೋ ಒಳಚುನಾವಣೆ ಮಾಡಿದರು. ಊರಿನ ಪಕ್ಷದ ಸದಸ್ಯರೆಲ್ಲ ವೋಟು ಹಾಕಿ ಅಭ್ಯರ್ಥಿ ಆರಿಸುವುದು. ನೋಡಲು ಚೆನ್ನಾಗಿದೆ. ಅಡ್ಡಪರಿಣಾಮ ಏನು ಅಂದರೆ, ಟಿಕೆಟ್ ಸಿಗದ ಹಿರಿಯರು ಮುನಿಸಿಕೊಂಡು ಪಕ್ಷೇತರರಾಗಿ ನಿಲ್ಲುವುದು. ಇದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ರಚಾರದ ಜಾಗದಲ್ಲೂ ಒಂದು ಮಡಿ ಇದೆ. ಖೋಟ್ಲಾದೊಳಗೆ ಪಕ್ಷದ ಮಾತು ಆಡುವಂತಿಲ್ಲ. ಪಕ್ಷಗಳಿಗೆ ಅಂತಲೇ ಪ್ರತಿ ಊರಲ್ಲೂ ‘ಫ್ರೀಡಂ ಸ್ಕ್ವೇರ್’ ಅನ್ನೋ ಬಯಲು ಗೊತ್ತುಮಾಡಿದ್ದಾರೆ. ಒಂದು ಪಿಕಪ್ ಗಾಡಿ, ಮೇಲೆ ಎರಡು ಸ್ಪೀಕರ್, ನಾಲ್ಕು ಹಾಡು, ಆಮೇಲೆ ಭಾಷಣ. ಖೋಟ್ಲಾದಲ್ಲಿ ಟೋಪಿ ತೆಗೆದು ಕೂರುವ ಮುದುಕರು ಇಲ್ಲಿ ಬೇಲಿಯ ಆಚೆ ನೆರಳಲ್ಲಿ ನಿಂತು ಕೇಳುತ್ತಾರೆ. ಆದರೆ ಮಂತ್ರಿಯಾದವನು ಸರ್ಕಾರದ ಯೋಜನೆ ವಿವರಿಸಲು ಖೋಟ್ಲಾಕ್ಕೇ ಬರಬಹುದು. ವಿರೋಧ ಪಕ್ಷದವರಿಗೆ ಇದೇ ದೊಡ್ಡ ತಕರಾರು. ನ್ಯಾಯವಾದ ತಕರಾರು. ಯೋಜನೆ ಯಾವುದು, ಪಕ್ಷ ಯಾವುದು ಅಂತ ಕುರ್ಚಿ ಹೊತ್ತು ಬಂದ ಅಜ್ಜಿ ಬೇರೆ ಮಾಡಿ ನೋಡಬೇಕಾ?

ಸೆರೋವೆಯ ಮಟ್ಟಿಗೆ ಇನ್ನೂ ಒಂದು ಹೆಜ್ಜೆ ಮುಂದೆ. ಫ್ರೀಡಂ ಸ್ಕ್ವೇರಿನಲ್ಲಿ ಭಾಷಣ ಮಾಡುವವನೇ ಖೋಟ್ಲಾದ ಒಡೆಯ ಆದರೆ? ಇಯಾನ್ ಖಾಮಾ ವಿಷಯದಲ್ಲಿ ಆದದ್ದು ಅದೇ. ಬಿಡಿಪಿಗೆ ಇಪ್ಪತ್ತು ವರ್ಷ ಇದರಿಂದ ಲಾಭವೇ ಆಯಿತು. ಆದ್ದರಿಂದ ತಕರಾರು ಎತ್ತಲಿಲ್ಲ.

ಆ ಲಾಭಕ್ಕೆ ಬೆಲೆ ತೆರಬೇಕಾಗಿ ಬಂದದ್ದು 2019ರಲ್ಲಿ. ಅಲ್ಲಿ ಅಧ್ಯಕ್ಷರಿಗೆ ಹತ್ತು ವರ್ಷದ ಮಿತಿ, 1997ರ ಜನಮತಗಣನೆಯ ಹೊತ್ತಿನಲ್ಲಿ ಆದ ತಿದ್ದುಪಡಿಗಳಲ್ಲಿ ಅದೂ ಒಂದು. 2018ರ ಏಪ್ರಿಲ್ 1ಕ್ಕೆ ಖಾಮಾ ತಾನೇ ಆರಿಸಿದ್ದ ಮೊಕ್ವೀಟ್ಸಿ ಮಾಸೀಸಿಗೆ ಅಧಿಕಾರ ಕೊಟ್ಟು ಇಳಿದ. ಕೆಲವೇ ತಿಂಗಳಲ್ಲಿ ಇಬ್ಬರಿಗೂ ಬಿರುಕು. ಖಾಮಾನ ಆಪ್ತನಾಗಿದ್ದ ಗುಪ್ತಚರ ಮುಖ್ಯಸ್ಥನನ್ನು ಮಾಸೀಸಿ ಕಿತ್ತುಹಾಕಿದ. ಸರ್ಕಾರಿ ವಿಮಾನ ಬಳಸುವ ವಿಷಯಕ್ಕೆ ಜಟಾಪಟಿ ಆಯಿತು. ಖಾಮಾ ಹಾಕಿದ್ದ ಬೇಟೆ ನಿಷೇಧವನ್ನು ಮಾಸೀಸಿ ತೆಗೆದ. 2019ರ ಮೇ ತಿಂಗಳಲ್ಲಿ ಖಾಮಾ ಸೆರೋವೆಗೆ ಬಂದು, ತನ್ನ ಜನರ ಎದುರಿಗೇ, ಅಪ್ಪ ಕಟ್ಟಿದ ಪಕ್ಷ ಬಿಟ್ಟೆ ಅಂದ. ಎಲ್ಲಿ ಹೇಳಿದ ಅನ್ನೋದನ್ನು ಗಮನಿಸಿ. ಗ್ಯಾಬರೋನ್‌ನಲ್ಲಿ ಪತ್ರಿಕಾಗೋಷ್ಠಿ ಕರೆದು ಹೇಳಬಹುದಿತ್ತಲ್ವಾ? ಸೆರೋವೆಗೇ ಬಂದ, ಖೋಸಿ ಜನರಿಗೆ ಹೇಳುವ ರೀತಿಯಲ್ಲೇ ಹೇಳಿದ.

ಅವನ ಬೆಂಬಲದಿಂದ ಬಿಪಿಎಫ್ ಹುಟ್ಟಿತು. ಐದು ತಿಂಗಳಲ್ಲಿ, ಅಕ್ಟೋಬರ್ 23ಕ್ಕೆ, ಚುನಾವಣೆ. ಸೆರೋವೆ ಉತ್ತರ, ಸೆರೋವೆ ದಕ್ಷಿಣ, ಸೆರೋವೆ ಪಶ್ಚಿಮ, ಮೂರೂ ಬಿಪಿಎಫ್ ಪಾಲು. ಐವತ್ತು ವರ್ಷಕ್ಕೂ ಮೇಲೆ ಜಾಕ್ ಗುರುತಿಗೆ ಬಿದ್ದ ವೋಟು ಐದೇ ತಿಂಗಳಲ್ಲಿ ಬೇರೆ ಗುರುತಿಗೆ ಹೋಯಿತು. ಕೊಳವೆಬಾವಿ ಹಾಗೇ ಇತ್ತು, ಪಿಂಚಣಿಯೂ ಬರುತ್ತಿತ್ತು. 1969ರ ಕಾನ್ಯೆ ಸರಿಯಾಗಿ ಐವತ್ತು ವರ್ಷದ ಮೇಲೆ ಸೆರೋವೆಯಲ್ಲಿ ಮರುಕಳಿಸಿತು. ಬಿಡಿಪಿಯವರು ತಮ್ಮ ಭದ್ರಕೋಟೆ ಅಂದುಕೊಂಡದ್ದು ಅವರ ಕೋಟೆಯೇ ಆಗಿರಲಿಲ್ಲ, ಬಾಡಿಗೆಗೆ ಇದ್ದರು.

ಹಾಗಂತ ಸೆರೋವೆಯವರು ಕಣ್ಣು ಮುಚ್ಚಿ ಖೋಸಿ ಹಿಂದೆ ಹೋಗುತ್ತಾರೆ ಅಂತ ಬರೆದರೆ ಅದೂ ತಪ್ಪು. ಅಲ್ಲೂ ಬಿಡಿಪಿಗೇ ವೋಟು ಹಾಕಿದ ಮನೆಗಳಿದ್ದವು, ಒಂದೇ ಮನೆಯಲ್ಲಿ ಎರಡು ಪಕ್ಷ ಆದದ್ದೂ ಉಂಟು. ಇನ್ನೊಂದು ಮುಖ್ಯ ವಿಷಯ, ಖಾಮಾನ ಮಾತು ಸೆರೋವೆಯ ಸುತ್ತ ನಡೆದಷ್ಟು ದೂರದಲ್ಲಿ ನಡೆಯಲಿಲ್ಲ. ಸೆರೋವೆ ಇರುವ ಸೆಂಟ್ರಲ್ ಜಿಲ್ಲೆ ಬಹಳ ದೊಡ್ಡದು, ಹೆಸರಿಗೆ ಇದೆಲ್ಲ ಬಂಗ್ವಾಟೋ ಸೀಮೆ. ಆದರೆ ಅದರೊಳಗೆ ಬೊಬೊನೊಂಗ್ ಕಡೆ ಬಾಬಿರ್ವಾ, ಗುಡ್ಡಗಳ ಸಾಲಿನಲ್ಲಿ ಬಾತ್ಸ್ವಾಪೊಂಗ್, ಉತ್ತರಕ್ಕೆ ಬಕಲಂಗಾ, ಎಲ್ಲೆಡೆ ಚದುರಿದ ಬಸರ್ವಾ ಜನ ಇದ್ದಾರೆ. ಇವರಿಗೆಲ್ಲ ಖಾಮಾ ಮನೆತನ ತಮ್ಮ ಮನೆತನ ಅಲ್ಲ, ಒಂದು ಕಾಲದಲ್ಲಿ ತಮ್ಮ ಮೇಲೆ ಕೂತಿದ್ದ ಮನೆತನ. ನಕ್ಷೆಯಲ್ಲಿ ಒಂದೇ ಬಣ್ಣ ಇದ್ದರೂ ನೆನಪು ಬೇರೆ ಬೇರೆ.

2019ರಲ್ಲಿ ಖಾಮಾನ ಲೆಕ್ಕ ಹೀಗಿತ್ತು: ತಾನು ಮಧ್ಯದ ಹಳ್ಳಿ ಸೀಟುಗಳನ್ನು ಕಿತ್ತುಕೊಟ್ಟರೆ, ವಿರೋಧ ಪಕ್ಷದ ನಾಯಕ ಡೂಮಾ ಬೋಕೋ ಅವರ ಯುಡಿಸಿ ಒಕ್ಕೂಟ ಪಟ್ಟಣಗಳನ್ನು ಗೆದ್ದರೆ, ಬಿಡಿಪಿ 57ರಲ್ಲಿ 29 ಮುಟ್ಟುವುದಿಲ್ಲ. ಲೆಕ್ಕ ತಲೆಕೆಳಗಾಯಿತು. ಖಾಮಾ ಇಲ್ಲದ ಬಿಡಿಪಿಯನ್ನು ಗ್ಯಾಬರೋನ್ ಮತ್ತು ದಕ್ಷಿಣದ ಜನ ಒಪ್ಪಿಕೊಂಡರು. ಅವನ ಗಡಸು ಆಡಳಿತದ ಮೇಲೆ ಅವರಿಗೆ ಹಳೆಯ ಸಿಟ್ಟಿತ್ತು. ಬೋಕೋ ತಮ್ಮ ಸ್ವಂತ ಸೀಟನ್ನೇ ಕಳೆದುಕೊಂಡರು. ಬಿಡಿಪಿ 38, ಯುಡಿಸಿ 15, ಬಿಪಿಎಫ್ 3, ಎಪಿ ಅನ್ನೋ ಇನ್ನೊಂದು ಸಣ್ಣ ಪಕ್ಷ 1. ಅಂದರೆ ಹಳ್ಳಿಯ ಕೋಟೆ ಹೋಗಿ ಪಟ್ಟಣ ಬಂತು.

ನಂತರದ ಐದು ವರ್ಷ ಬರೆಯಲು ಹೋದರೆ ಬೇರೆಯೇ ಲೇಖನ ಆದೀತು. ಖಾಮಾ 2021ರಲ್ಲಿ ದೇಶ ಬಿಟ್ಟು ದಕ್ಷಿಣ ಆಫ್ರಿಕಾ ಸೇರಿದ, ಅಕ್ರಮ ಬಂದೂಕಿನ ಕೇಸು ಬಿತ್ತು, 2024ರ ಸೆಪ್ಟೆಂಬರಿನಲ್ಲಿ, ಚುನಾವಣೆಗೆ ಆರೇಳು ವಾರ ಇದ್ದಾಗ ವಾಪಸು ಬಂದ. ಇತ್ತ ವಜ್ರದ ವ್ಯಾಪಾರ ಕುಸಿದಿತ್ತು, ಓದಿದ ಹುಡುಗರಿಗೆ ಕೆಲಸ ಇರಲಿಲ್ಲ.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಒಂದು ಕಾಗದ ತೆಗೆದುಕೊಳ್ಳಿ. ಬೋಟ್ಸ್‌ವಾನಾದಲ್ಲಿ 2024ರಲ್ಲಿ ನೋಂದಾಯಿತ ಮತದಾರರು ಸುಮಾರು 10 ಲಕ್ಷದ 38 ಸಾವಿರ, ಕ್ಷೇತ್ರ 61. ಒಂದು ಕ್ಷೇತ್ರಕ್ಕೆ ಸರಾಸರಿ 17 ಸಾವಿರ ಚಿಲ್ಲರೆ. (ಕರ್ನಾಟಕದ ಒಂದು ವಿಧಾನಸಭಾ ಕ್ಷೇತ್ರದಲ್ಲೇ ಎರಡು ಲಕ್ಷ ದಾಟುತ್ತಾರೆ. ಅಲ್ಲಿ ಸಂಸದನಿಗೆ ಮತದಾರರ ಮನೆ ನಾಯಿಯ ಹೆಸರೂ ಗೊತ್ತಿರಬಹುದು.) ಹತ್ತರಲ್ಲಿ ಎಂಟು ಜನ ಬಂದರು ಅಂದರೆ ಬಿದ್ದದ್ದು 13-14 ಸಾವಿರ ವೋಟು. ನಾಲ್ಕು ಪಕ್ಷ ಹಂಚಿಕೊಂಡರೆ ಐದು ಸಾವಿರ ಸಿಕ್ಕವನು ಗೆದ್ದ. ನಾಲ್ಕು ಸಾವಿರ ಸಿಕ್ಕವನಿಗೆ ಸೊನ್ನೆ.

ಬಿಡಿಪಿಗೆ 2024ರಲ್ಲಿ ಆದದ್ದು ಈ ನಾಲ್ಕು ಸಾವಿರದ ಕಥೆ. ಊರೂರಲ್ಲೂ ನೂರಕ್ಕೆ ಮೂವತ್ತು ಜನ ಅವರ ಕಡೆಯೇ ಇದ್ದರು. ಹಾಗಾಗಿ ಊರೂರಲ್ಲೂ ಎರಡನೇ ಸ್ಥಾನ. ಬೆಣ್ಣೆಯನ್ನು ಇಡೀ ರೊಟ್ಟಿಗೆ ತೆಳ್ಳಗೆ ಸವರಿದ ಹಾಗೆ. ಬಿಪಿಎಫ್ ಬೆಣ್ಣೆ ಕಡಿಮೆ, ಆದರೆ ಒಂದೇ ಮೂಲೆಯಲ್ಲಿ ಮುದ್ದೆಯಾಗಿತ್ತು. ಸೆರೋವೆಯ ಹೊರಗೆ ಬಹಳ ಕಡೆ ಅದಕ್ಕೆ ಬಿದ್ದದ್ದು ಚಿಲ್ಲರೆ ವೋಟು, ಒಳಗೆ ಬಿದ್ದದ್ದು ಗೆಲ್ಲುವಷ್ಟು.

ಆದರೆ ಇಲ್ಲೊಂದು ತಮಾಷೆ ಇದೆ. ನಾನು ಮೊದಲು ಪಟ್ಟಿ ನೋಡಿದಾಗ, ಬಿಪಿಎಫ್‌ಗೆ ಅನ್ಯಾಯವಾಗಿ ಜಾಸ್ತಿ ಸೀಟು ಸಿಕ್ಕಿದೆ ಅಂದುಕೊಂಡಿದ್ದೆ. ಆಮೇಲೆ ಸುಮ್ನೆ ಗುಣಿಸಿ ನೋಡಿದೆ. 61ರಲ್ಲಿ ನೂರಕ್ಕೆ 8 ಅಂದರೆ 4.9. ಸಿಕ್ಕಿದ್ದು 5. ಅಂದರೆ ಸರಿಯಾಗಿ ಅದರ ಪಾಲೇ ಸಿಕ್ಕಿದೆ! ಇನ್ನೊಂದು ವಿರೋಧ ಪಕ್ಷ ಬಿಸಿಪಿಗೆ ನೂರಕ್ಕೆ 21ರಷ್ಟು ಮತ, ನ್ಯಾಯವಾಗಿ 13 ಬರಬೇಕು, ಬಂದದ್ದು 15. ಪರವಾಗಿಲ್ಲ. ಲೆಕ್ಕ ಹಾದಿ ತಪ್ಪಿದ್ದು ಮೇಲಿನ ಎರಡು ಪಕ್ಷಗಳಲ್ಲಿ. ಗೆದ್ದ ಯುಡಿಸಿಗೆ ನೂರಕ್ಕೆ 37 ಮತ, ಪಾಲು 22 ಅಥವಾ 23, ಸಿಕ್ಕಿದ್ದು 36. ಬಿಡಿಪಿಯ ಪಾಲು 18, ಸಿಕ್ಕಿದ್ದು 4. ಈ ಪದ್ಧತಿಯಲ್ಲಿ ಸಣ್ಣ ಪಕ್ಷ ಒಂದೇ ಊರಲ್ಲಿ ಬೇರು ಬಿಟ್ಟಿದ್ದರೆ ಬದುಕಿಕೊಳ್ಳುತ್ತದೆ. ದೊಡ್ಡ ಪಕ್ಷ ಸ್ವಲ್ಪ ಕೆಳಗೆ ಜಾರಿತೋ, ಪ್ರಪಾತಕ್ಕೇ ಬೀಳುತ್ತದೆ.

ಇದೇ ಪದ್ಧತಿ ಬಿಡಿಪಿಯನ್ನು ಅಷ್ಟು ವರ್ಷ ಕಾಪಾಡಿತ್ತು ಅನ್ನೋದನ್ನೂ ಹೇಳಬೇಕು. 2014ರಲ್ಲಿ ಅದಕ್ಕೆ ಬಂದದ್ದು ಅರ್ಧಕ್ಕಿಂತ ಕಡಿಮೆ, ನೂರಕ್ಕೆ 46-47 ಮತ. ಸೀಟು 57ರಲ್ಲಿ 37. ಎದುರಾಳಿಗಳು ಎರಡು ಹೋಳಾಗಿದ್ದರು, ಇವರು ನಡುವಿನಿಂದ ನುಗ್ಗಿದರು. ಆಗ ಯಾವ ಬಿಡಿಪಿ ನಾಯಕನೂ ಪದ್ಧತಿ ಬದಲಾಗಬೇಕು ಅನ್ನಲಿಲ್ಲ.

ಗಡಿಗಳ ವಿಷಯ ಒಂದು ಬಾಕಿ ಇದೆ. 1965ರಲ್ಲಿ 31 ಇದ್ದ ಸೀಟು 1994ಕ್ಕೆ 40, 2004ಕ್ಕೆ 57, 2024ಕ್ಕೆ 61 ಆಯಿತು. ಜನಗಣತಿ ಆದ ಮೇಲೆ ಒಂದು ಆಯೋಗ ಕೂತು ಗೆರೆ ಎಳೆಯುತ್ತದೆ. ಎಲ್ಲ ಕ್ಷೇತ್ರದಲ್ಲೂ ಜನ ಸಮ ಇರಬೇಕು ಅನ್ನೋದು ಮೊದಲ ನಿಯಮ, ಆದರೆ ದೂರ, ರಸ್ತೆ, ಜನಾಂಗಗಳ ಹಳೆಯ ಸೀಮೆ, ಜಿಲ್ಲೆಯ ಗಡಿ ಇವನ್ನೂ ನೋಡಬಹುದು ಅಂತ ಸಂವಿಧಾನವೇ ಹೇಳುತ್ತದೆ. ಕಲಹಾರಿ ಮರಳುಗಾಡಿನ ಕಡೆ ನೂರು ಕಿಲೋಮೀಟರಿಗೊಂದು ಊರು, ಅಲ್ಲಿ ಜನಸಂಖ್ಯೆ ಸಮ ಮಾಡಲು ಹೋದರೆ ಒಬ್ಬ ಸಂಸದನಿಗೆ ಒಂದು ಸಣ್ಣ ದೇಶವನ್ನೇ ಕೊಡಬೇಕಾಗುತ್ತದೆ. ಸೆರೋವೆಯ ಸಮಸ್ಯೆ ಇದರ ಉಲ್ಟಾ. ಊರು ಒಂದೇ, ಸೀಟು ಮೂರು. ಒಂದೊಂದು ಸೀಟಿಗೂ ಊರಿನ ಒಂದು ತುಂಡು, ಸುತ್ತಲಿನ ಹಳ್ಳಿಗಳು ಸೇರಿವೆ. ಹಾಗಾಗಿ ಊರಿನ ಮನಸ್ಸು ಒಂದು ಕಡೆ ತಿರುಗಿದರೆ ಮೂರೂ ಸೀಟು ಒಟ್ಟಿಗೆ ತಿರುಗುತ್ತವೆ.

ಆದರೆ ಸೆರೋವೆಯ ಮತದಾರ ಅಂದರೆ ಯಾರು ಅನ್ನೋದೇ ಅಷ್ಟು ಸುಲಭದ ಪ್ರಶ್ನೆ ಅಲ್ಲ. ಹಳೆಯ ಪದ್ಧತಿಯಲ್ಲಿ ಅಲ್ಲಿನ ಒಂದು ಕುಟುಂಬಕ್ಕೆ ಮೂರು ಮನೆ. ಊರಲ್ಲೊಂದು. ಬಿತ್ತನೆಯ ಹೊಲದ ಹತ್ತಿರ ಇನ್ನೊಂದು, ಅದನ್ನು ಮಸಿಮೊ ಅನ್ನುತ್ತಾರೆ. ದೂರದಲ್ಲಿ ದನದ ದೊಡ್ಡಿ, ಮೊರಾಕ. ಈಗ ನಾಲ್ಕನೆಯದೂ ಸೇರಿದೆ, ಗ್ಯಾಬರೋನ್‌ನ ಬಾಡಿಗೆ ರೂಮು. ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ, ವಾಸದ ಊರು ಯಾವುದು ಅಂತ ಹೇಳಿ ಹೆಸರು ಬರೆಸಬೇಕು. ಹತ್ತು ವರ್ಷದಿಂದ ರಾಜಧಾನಿಯಲ್ಲಿ ದುಡಿಯುವವನಿಗೂ ಕೇಳಿದರೆ ಬಾಯಿಗೆ ಬರುವುದು ಹುಟ್ಟಿದ ಊರೇ. ಬೇರೆ ಕಡೆಯವರನ್ನು ಕರೆತಂದು ತಮ್ಮ ಕ್ಷೇತ್ರದಲ್ಲಿ ಹೆಸರು ಬರೆಸುತ್ತಾರೆ ಅಂತ ಪಕ್ಷಗಳು ಒಂದರ ಮೇಲೊಂದು ದೂರು ಹೇಳುವುದು ಇದಕ್ಕೇ. ಎಷ್ಟು ನಿಜ, ಎಷ್ಟು ಊರಾಭಿಮಾನ ಅಂತ ಗೆರೆ ಎಳೆಯುವುದು ಚುನಾವಣಾ ಆಯೋಗಕ್ಕೂ ಕಷ್ಟ.

ಚುನಾವಣೆ ಬರುವುದು ಅಕ್ಟೋಬರ್ ಕೊನೆಗೆ, ವರ್ಷದಲ್ಲೇ ಬಿಸಿಲು ಜಾಸ್ತಿ ಇರುವ ಹೊತ್ತು. ಮಳೆ ಇನ್ನೂ ಕಚ್ಚಿರುವುದಿಲ್ಲ, ಆದರೆ ಯಾವತ್ತು ಬೇಕಾದರೂ ಬರಬಹುದು. ಮಳೆ ಬಿದ್ದರೆ ಜನ ಮಸಿಮೊಗೆ ಹೊರಟುಬಿಡುತ್ತಾರೆ. ಅದಕ್ಕೇ ಅಭ್ಯರ್ಥಿಗಳ ಪಿಕಪ್‌ಗಳು ಕೊನೆಯ ವಾರ ಊರಿಗಿಂತ ಜಾಸ್ತಿ ಹೊಲದ ದಾರಿಯಲ್ಲೇ ಓಡಾಡುತ್ತಿರುತ್ತವೆ, ಹಿಂದೆ ಕೆಂಪು ಧೂಳು.